ಗೆರೆ ಎಳೆಯುವ ಮೊದಲು: ಪೆನ್ಸಿಲೋ, ಪೆನ್ನೋ, ಚೀಟಿಯೋ, ನೋಟ್‌ಪುಸ್ತಕವೋ?

ಅಕ್ಟೋಬರ್-ನವೆಂಬರಿನ ತುಲಾ ತಿಂಗಳ ಮಳೆ ಬಿಟ್ಟು ನಾಲ್ಕು ದಿನ ಒಳ್ಳೆ ಬಿಸಿಲು ಬಂದರೆ ನಮ್ಮ ಮನೆಯಲ್ಲಿ ಕಪಾಟಿನ ಪುಸ್ತಕಗಳನ್ನೆಲ್ಲ ಇಳಿಸಿ ಚಾವಡಿಯಲ್ಲಿ ಬಿಡಿಸಿ ಇಡುವ ಕ್ರಮ ಉಂಟು. ಕೇರಳದ ಗಡಿಜಿಲ್ಲೆ ಕಾಸರಗೋಡಿನ ನೀರ್ಚಾಲು, ಬದಿಯಡ್ಕದ ಕಡೆ ಅಡಿಕೆ ತೋಟದ ಮಧ್ಯೆ ಮನೆ ಇರುವವರಿಗೆ ಯಾಕೆಂದು ಹೇಳಬೇಕಿಲ್ಲ. ಜೂನಿನಲ್ಲಿ ಮೆತ್ತಗಾಗಲು ಸುರುವಾದ ಕಾಗದ ಜುಲೈ-ಆಗಸ್ಟಿನ ಆಟಿ ತಿಂಗಳು ಬರುವಾಗ ಹೇಗಾಗುತ್ತದೆಂದರೆ, ಪುಟ ಮಗುಚಿದರೆ ಸದ್ದೇ ಬರುವುದಿಲ್ಲ. ಬೂಷ್ಟು ಒರೆಸುತ್ತಾ ಒಂದೊಂದೇ ಪುಸ್ತಕ ತೆರೆಯುವಾಗ, ಹದಿನೈದು ವರ್ಷಗಳಲ್ಲಿ ನಾನು ಹಾಕಿದ ಗುರುತುಗಳ ಗತಿಯೆಲ್ಲ ಕಣ್ಣಿಗೆ ಬೀಳುತ್ತದೆ. ಹೈಲೈಟರಿನ ಹಳದಿ ಮಾಸಿದೆ. ಬಣ್ಣದ ಅಂಟುಚೀಟಿಗಳು ಉದುರಿ ಕಪಾಟಿನ ತಳದಲ್ಲಿ ಬಿದ್ದಿವೆ, ಯಾವುದು ಯಾವ ಪುಟದ್ದೆಂದು ದೇವರೇ ಹೇಳಬೇಕು. ಜೆಮ್ ಕ್ಲಿಪ್ ತುಕ್ಕು ಹಿಡಿದು ತನ್ನ ಆಕಾರವನ್ನೇ ಪುಟದ ಮೇಲೆ ಅಚ್ಚೊತ್ತಿದೆ. ಪೆನ್ಸಿಲಿನ ಗೆರೆ ಮಾತ್ರ ಎಳೆದ ದಿನ ಹೇಗಿತ್ತೋ ಹಾಗೆಯೇ ಇದೆ.

ಇದನ್ನು ನನಗೆ ಮೊದಲು ಕಲಿಸಿದ್ದು ಸೋದರಮಾವನ ಯಕ್ಷಗಾನ ಪ್ರಸಂಗ ಪುಸ್ತಕ. ಅವರು ತಾಳಮದ್ದಳೆಯ ಅರ್ಥಧಾರಿ, ಅಂದರೆ ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನದಲ್ಲಿ ಪದ್ಯಗಳಿಗೆ ಮಾತಿನಲ್ಲಿ ಅರ್ಥ ಹೇಳುವವರು. ದೊಡ್ಡ ಹೆಸರಿನವರಲ್ಲ, ಮಳೆಗಾಲದಲ್ಲಿ ಊರೂರಿನ ಕೂಟಗಳಿಗೆ ಹೋಗುತ್ತಿದ್ದವರು. ಅವರ ಪುಸ್ತಕದಲ್ಲಿ ಖಾಲಿ ಅಂಚೇ ಇಲ್ಲ. ತಾನು ಅರ್ಥ ಹೇಳಬೇಕಾದ ಪದ್ಯದ ಪಕ್ಕ ನೆಟ್ಟನೆ ಗೆರೆ, ಹೊತ್ತು ಸಾಲದಿದ್ದರೆ ಕೈಬಿಡಬಹುದಾದ ಪದ್ಯಕ್ಕೆ ‘ಬಿಡಿ’, ಪೀಠಿಕೆಗೆ ಬೇಕಾದ ಒಂದೆರಡು ಶಬ್ದ, ಎದುರಾಳಿ ಹೀಗೆ ಕೇಳಿದರೆ ಹೀಗೆ ಹೇಳಬೇಕೆಂಬ ಅರ್ಧ ವಾಕ್ಯ. ಮೊದಮೊದಲು ಇಂಕ್ ಪೆನ್ನಿನಲ್ಲಿ ಬರೆಯುತ್ತಿದ್ದರು, ಕಣ್ಣು ಮಂಜಾದ ಮೇಲೆ ಪೆನ್ಸಿಲಿನಲ್ಲಿ. ಒಂದು ಜುಲೈಯಲ್ಲಿ ಮಂಗ ಹಂಚು ಸರಿಸಿ ಅಟ್ಟಕ್ಕೆ ನೀರು ಇಳಿಯಿತು. ಪುಸ್ತಕ ಒಣಗಿದ ಮೇಲೆ ನೋಡಿದರೆ ಇಂಕಿನದ್ದೆಲ್ಲ ನೀಲಿ ಮೋಡ. ಪೆನ್ಸಿಲಿನದ್ದು ಒಂದಕ್ಷರ ಹೋಗಿರಲಿಲ್ಲ.

ಖುಷಿಗೆ ಓದುವವರು ಗುರುತು ಹಾಕಬೇಕಾ ಬೇಡವಾ ಎಂಬ ಜಗಳ ಹಳೆಯದು. ನಾನು ಹಾಕುವವರ ಪಕ್ಷ, ಆದ್ದರಿಂದ ಆ ಜಗಳ ಇಲ್ಲಿ ಬೇಡ. ಹಾಕುವುದಾದರೆ ಯಾವುದರಲ್ಲಿ ಎಂಬುದಷ್ಟೇ ನನ್ನ ಪ್ರಶ್ನೆ. ಅದಕ್ಕೆ ಉತ್ತರ ಅಂಗಡಿಯಲ್ಲಿ ಎಂತ ಸಿಗುತ್ತದೆ ಎಂಬುದರಲ್ಲಿಲ್ಲ. ಈ ಪುಸ್ತಕ ನನ್ನ ನಂತರ ಯಾರ ಕೈಗೆ ಹೋಗುತ್ತದೆ, ಅಲ್ಲಿಯ ತನಕ ಎಲ್ಲಿ ಇರುತ್ತದೆ ಎಂಬ ಎರಡು ವಿಷಯ ಗೊತ್ತಾದರೆ ಅರ್ಧ ಆಯ್ಕೆ ಮುಗಿದ ಹಾಗೆ.

ಮೊದಲು, ಪುಸ್ತಕ ಯಾರದ್ದು?

ಗ್ರಂಥಾಲಯದ್ದಾದರೆ ಹೋಲಿಕೆಯ ಮಾತೇ ಇಲ್ಲ: ಏನೂ ಹಾಕಬಾರದು. ಪೆನ್ಸಿಲೂ ಬೇಡ. ‘ಆಮೇಲೆ ಅಳಿಸುತ್ತೇನೆ’ ಎಂದವರಲ್ಲಿ ಅಳಿಸಿದವರನ್ನು ನಾನು ನೋಡಿಲ್ಲ, ಗ್ರಂಥಾಲಯದ ಪುಸ್ತಕದಲ್ಲಿ ನಾನೂ ಅಳಿಸಿಲ್ಲ. ನಮ್ಮ ಕಡೆ ವಾಚನಾಲಯಗಳಿಗೆ ಕೊರತೆ ಇಲ್ಲ, ಆದರೆ ಕನ್ನಡದ ಕಪಾಟು ಹೆಚ್ಚಾಗಿ ಒಂದೋ ಎರಡೋ. ಅದರಲ್ಲಿರುವ ಒಂದು ಕಾದಂಬರಿ ಇಪ್ಪತ್ತು ವರ್ಷಗಳಿಂದ ಅದೇ ಊರಿನ ಐವತ್ತು ಮಂದಿಯ ಕೈ ದಾಟಿರುತ್ತದೆ. ಒಮ್ಮೆ ಹಾಗೆ ತಂದ ಪತ್ತೇದಾರಿ ಕಾದಂಬರಿಯ ಇಪ್ಪತ್ತನೇ ಪುಟದಲ್ಲಿ, ಒಂದು ಪಾತ್ರ ಬಾಗಿಲು ದೂಡಿ ಒಳಗೆ ಬರುವ ಜಾಗದಲ್ಲಿ, ಪುಣ್ಯಾತ್ಮ ಯಾರೋ ಬಾಲ್‌ಪೆನ್ನಿನಲ್ಲಿ ಬಾಣ ಹಾಕಿ ‘ಕೊಂದದ್ದು ಇವನೇ’ ಎಂದು ಬರೆದಿದ್ದರು. ಇನ್ನೂರು ಪುಟ ಬಾಕಿ ಇತ್ತು, ಮಾರಾಯ್ರೆ.

ಹಾಗಾದರೆ ತಂದ ಪುಸ್ತಕಕ್ಕೆ ನೋಟ್‌ಪುಸ್ತಕ, ಇಲ್ಲವೇ ಅಂಟಿಲ್ಲದ ಬರಿ ಚೀಟಿ. ಸ್ನೇಹಿತರಿಂದ ಎರವಲು ತಂದದ್ದಕ್ಕೂ ಇದೇ ನಿಯಮ, ಅವರೇ ‘ಗೆರೆ ಹಾಕು’ ಎಂದರೆ ಮಾತ್ರ ಬೇರೆ. ಆ ಬೇರೆಯ ಕತೆ ಮುಂದೆ ಹೇಳುತ್ತೇನೆ.

ಸ್ವಂತದ್ದಾದರೆ ಪುಸ್ತಕದ ಮೊದಲ ಹಾಳೆ ಮಗುಚಿ ಹಿಂಬದಿ ನೋಡಿ. ಪ್ರಕಾಶಕರ ವಿಳಾಸ, ಬೆಲೆ, ಪ್ರತಿಗಳ ಲೆಕ್ಕ ಇರುವ ಪುಟದಲ್ಲಿ ‘ಉಪಯೋಗಿಸಿದ ಕಾಗದ: 70 ಜಿಎಸ್‌ಎಂ ಮ್ಯಾಪ್‌ಲಿಥೊ, 1/8 ಡೆಮಿ’ ಎಂಬ ಹಾಗೆ ಒಂದು ಸಾಲು ಕನ್ನಡ ಪುಸ್ತಕಗಳಲ್ಲಿ ಹೆಚ್ಚಾಗಿ ಇರುತ್ತದೆ. ನಮ್ಮಲ್ಲಿ ಯಾರೂ ಓದದ ಸಾಲು ಅದು. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ. ಎಪ್ಪತ್ತು ಎಂದಿದ್ದರೆ ಪೆನ್ಸಿಲನ್ನು ಧೈರ್ಯವಾಗಿ ಹಿಡಿಯಬಹುದು, ಒಳ್ಳೆಯ ಬಾಲ್‌ಪೆನ್ನೂ ತಡೆಯುತ್ತದೆ. ಅದಕ್ಕಿಂತ ತೆಳುವಾದರೆ ಶಾಯಿ ಆಚೆ ಬದಿಗೆ ಇಣುಕುತ್ತದೆ. ಪತ್ರಿಕೆಯ ಕಾಗದದಲ್ಲಿ ಅಚ್ಚಾದ ಹಳೆಯ ಅಗ್ಗದ ಆವೃತ್ತಿಗಳು, ಮುಟ್ಟಿದರೆ ಅಂಚು ಮುರಿಯುವ ಹಳದಿ ಹಾಳೆಯವು, ಇವಕ್ಕೆ ಏನೂ ತಾಗಿಸದಿರುವುದು ಒಳ್ಳೆಯದು. ಮರದ ತಿರುಳಿನ ಆಮ್ಲ ಆ ಕಾಗದವನ್ನು ಒಳಗಿಂದ ತಿನ್ನುತ್ತಿರುತ್ತದೆ. ಮೂಲೆ ಮಡಚಿದರಂತೂ ಮಡಚಿದ ತುಂಡು ಕೈಗೇ ಬರುತ್ತದೆ.

ಪೆನ್ಸಿಲ್

ನನ್ನ ಓಟು ಇದಕ್ಕೆ ಎಂದು ಇಷ್ಟರಲ್ಲೇ ಗೊತ್ತಾಗಿರಬೇಕು. ಹತ್ತು ರೂಪಾಯಿಯೊಳಗೆ ಸಿಗುವ ವಸ್ತು ಇಷ್ಟು ಬಾಳುವುದಕ್ಕೆ ಕಾರಣ ಸರಳ. ಅದರೊಳಗಿನ ಕಡ್ಡಿ ಗ್ರಾಫೈಟ್, ಅಂದರೆ ಇಂಗಾಲ. ನೀರಿಗೆ ಕರಗುವುದಿಲ್ಲ, ಬೆಳಕಿಗೆ ಮಾಸುವುದಿಲ್ಲ. ನಮ್ಮ ಹಿರಿಯರು ತಾಳೆಗರಿಯಲ್ಲಿ ಕಂಠವೆಂಬ ಕಬ್ಬಿಣದ ಲೇಖನಿಯಿಂದ ಕೊರೆದು ಮೇಲೆ ಮಸಿ ತೀಡುತ್ತಿದ್ದರಲ್ಲ, ಆ ಮಸಿಯೂ ಇಂಗಾಲವೇ. ಕರಾವಳಿಯ ತೇವದಲ್ಲಿ ನಿಲ್ಲುವ ಬಣ್ಣ ಯಾವುದೆಂದು ಅವರಿಗೆ ಗೊತ್ತಿತ್ತು.

ಯಾವ ಪೆನ್ಸಿಲ್ ಎಂಬುದರಲ್ಲಿ ಸ್ವಲ್ಪ ಎಚ್ಚರ ಬೇಕು. 1795ರಲ್ಲಿ ಫ್ರಾನ್ಸಿನ ಕಾಂಟೆ ಎಂಬವನು ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ ಸುಡುವ ವಿಧಾನ ತಂದ ಮೇಲೆ ಕಡ್ಡಿಯನ್ನು ಬೇಕಾದಷ್ಟು ಗಟ್ಟಿ, ಬೇಕಾದಷ್ಟು ಮೆತ್ತಗೆ ಮಾಡಲು ಸಾಧ್ಯವಾಯಿತು. ಮಣ್ಣು ಹೆಚ್ಚಾದರೆ ಗಟ್ಟಿ, ಅದು ‘ಎಚ್’. ಗ್ರಾಫೈಟ್ ಹೆಚ್ಚಾದರೆ ಮೆತ್ತಗೆ, ಕಪ್ಪು, ಅದು ‘ಬಿ’. ಪುಸ್ತಕಕ್ಕೆ ಎಚ್ ಬೇಡ. ಗೆರೆ ಕಾಣಬೇಕಾದರೆ ಒತ್ತಬೇಕು, ಒತ್ತಿದರೆ ಪುಟಕ್ಕೆ ಗುಳಿ ಬೀಳುತ್ತದೆ, ಅಳಿಸಿದರೂ ಗುಳಿ ಹೋಗುವುದಿಲ್ಲ. 4ಬಿ, 6ಬಿ ಚಿತ್ರ ಬಿಡಿಸುವವರಿಗೆ, ಇಲ್ಲಿ ಎದುರು ಪುಟಕ್ಕೆ ಮಸಿ ಮೆತ್ತುತ್ತದೆ. ಎಚ್‌ಬಿ ನಡೆಯುತ್ತದೆ. 2ಬಿ ಅದಕ್ಕಿಂತ ಚಂದ: ಬೆರಳಿನ ಭಾರ ಮಾತ್ರ ಸಾಕು. ಮಳೆಗಾಲದ ಮೆತ್ತನೆ ಕಾಗದಕ್ಕೆ ಈ ‘ಒತ್ತದೆ ಬರೆಯುವ’ ಗುಣವೇ ಮುಖ್ಯ.

ಲೆಡ್ ಹಾಕುವ ಪೆನ್-ಪೆನ್ಸಿಲ್ ಬಸ್ಸಿನಲ್ಲಿ ಓದುವವರಿಗೆ ಅನುಕೂಲ, ಮೆಂಡರ್ ಹುಡುಕಬೇಕಾಗಿಲ್ಲ. ಆದರೆ 0.5 ಮಿಲಿಮೀಟರಿನ ಕಡ್ಡಿ ಬೇಡ, ತೇವದ ಕಾಗದವನ್ನು ಸೂಜಿಯ ಹಾಗೆ ಚುಚ್ಚುತ್ತದೆ. 0.7 ತೆಗೆದುಕೊಳ್ಳಿ. ನಾನು ದಿನಾ ಕುಂಬಳೆಯ ಬಸ್ಸಿನಲ್ಲಿ ಹೋಗಿಬರುವವಳು. ಸೀತಾಂಗೋಳಿ ದಾಟುವ ತನಕ ಎಳೆದ ಗೆರೆಗಳು ಯಾವುವು, ಮನೆಯಲ್ಲಿ ಎಳೆದದ್ದು ಯಾವುವು ಎಂದು ಪುಸ್ತಕ ನೋಡಿದರೆ ಹೇಳಬಹುದು. ಬಸ್ಸಿನವು ಹಾವು.

ಇನ್ನೊಂದು ವಿಷಯ ಕನ್ನಡ ಓದುವವರಿಗೆ ಮಾತ್ರ ಸಂಬಂಧಿಸಿದ್ದು. ನಮ್ಮ ಸಾಲಿನ ಕೆಳಗೆ ಒತ್ತಕ್ಷರಗಳು ನೇತಾಡುತ್ತಿರುತ್ತವೆ. ಸಾಲಿನ ಅಡಿಗೆ ಗೆರೆ ಎಳೆದರೆ ಆ ಗೆರೆ ಒತ್ತುಗಳ ಹೊಟ್ಟೆ ಸೀಳಿಕೊಂಡೇ ಹೋಗಬೇಕು. ‘ಕಷ್ಟ’ದ ಟಕಾರವೂ ‘ಕೃಷ್ಣ’ನ ಣಕಾರವೂ ಗೆರೆಯಲ್ಲಿ ಮುಳುಗುತ್ತವೆ. ಗೆರೆಯನ್ನು ಇನ್ನೂ ಕೆಳಗೆ ಇಳಿಸಿದರೆ ಅದು ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಇಂಗ್ಲಿಷ್ ಪುಸ್ತಕ ಓದುವವರನ್ನು ನೋಡಿ ಕಲಿತ ಅಡಿಗೆರೆಯ ಅಭ್ಯಾಸ ಕನ್ನಡಕ್ಕೆ ಒಗ್ಗುವುದಿಲ್ಲ ಎಂದು ನನಗೆ ಅರ್ಥವಾಗಲು ಸುಮಾರು ವರ್ಷ ಬೇಕಾಯಿತು. ಮಾವ ಮಾಡುತ್ತಿದ್ದ ಹಾಗೆ ಅಂಚಿನಲ್ಲಿ ನೆಟ್ಟನೆ ಗೆರೆ ಎಳೆದರೆ ಮುಗಿಯಿತು. ಐದು ಸಾಲಿಗೆ ಐದು ಗೆರೆ ಬೇಡ, ಒಂದೇ ಸಾಕು. ಒಂದು ಶಬ್ದ ಮಾತ್ರ ಬೇಕಾದರೆ ಸುತ್ತ ಸಣ್ಣ ಸೊನ್ನೆ.

ಹಳೆಯ ಕಾವ್ಯ ಓದುವವರಿಗಂತೂ ಪೆನ್ಸಿಲ್ ಬಿಟ್ಟು ಗತಿ ಇಲ್ಲ. ಭಾಮಿನಿ ಷಟ್ಪದಿಯಲ್ಲಿ ಮೊದಲೆರಡು ಸಾಲಿಗೆ ಹದಿನಾಲ್ಕು ಹದಿನಾಲ್ಕು ಮಾತ್ರೆ, ಮೂರನೆಯದಕ್ಕೆ ಇಪ್ಪತ್ತಮೂರು, ಮತ್ತೆ ಅದೇ ಲೆಕ್ಕ. ಮಾತ್ರೆ ತುಂಬಿದಲ್ಲಿ ಸಾಲು ಮುರಿಯುತ್ತದೆ, ಶಬ್ದ ಮುಗಿದಿದೆಯಾ ಎಂದು ಅದು ಕೇಳುವುದಿಲ್ಲ. ಗಮಕಿಗಳು ಶಬ್ದ ಒಡೆಯುವಲ್ಲಿ ಸಣ್ಣ ಓರೆಗೆರೆ ಹಾಕಿಕೊಂಡು ಓದುವುದು ಅದಕ್ಕೇ. ಮೊದಲ ಓದಿಗೆ ಹಾಕಿದ ಓರೆಗೆರೆ ಎರಡನೇ ಓದಿಗೆ ತಪ್ಪೆಂದು ಗೊತ್ತಾಗುತ್ತದೆ. ಅಳಿಸಲು ಬರಬೇಕು.

ಅಳಿಸಲು ಬಿಳಿ ಮೆತ್ತನೆ ರಬ್ಬರ್. ಪೆನ್ಸಿಲಿನ ತುದಿಗೆ ಅಂಟಿಸಿ ಕೊಡುವ ಗುಲಾಬಿ ತುಂಡು ಪುಟ ಕೆರೆಯುತ್ತದೆ, ಅದನ್ನು ಮಕ್ಕಳಿಗೆ ಕೊಡಿ.

ಪೆನ್ನು, ಹೈಲೈಟರ್

ಪೆನ್ನಿನ ಪರವಾಗಿ ಒಂದು ಮಾತು ಹೇಳಬಹುದು: ಓದಲು ಕಷ್ಟವಿಲ್ಲ. ಪೆನ್ಸಿಲಿನ ಸಣ್ಣ ಬರಹ ವಯಸ್ಸಾದ ಕಣ್ಣಿಗೆ, ಕರೆಂಟು ಹೋದ ಸಂಜೆಗೆ ಕಾಣುವುದಿಲ್ಲ. ಬಾಲ್‌ಪೆನ್ನಿನದ್ದು ಎಣ್ಣೆಯ ಶಾಯಿ, ನೀರು ಬಿದ್ದರೆ ಹರಡುವುದಿಲ್ಲ. ಆದರೆ ವರ್ಷಗಳು ಹೋದ ಹಾಗೆ ಆ ಎಣ್ಣೆ ಅಕ್ಷರದ ಸುತ್ತ ಹಳದಿಯಾಗಿ ಇಳಿಯುವುದುಂಟು. ಜೆಲ್ ಪೆನ್ನು ಆಟಿಯಲ್ಲಿ ಒಣಗುವಷ್ಟರಲ್ಲಿ ನೀವು ಪುಟ ಮಗುಚಿರುತ್ತೀರಿ, ಎದುರು ಪುಟದಲ್ಲಿ ನಿಮ್ಮ ಟಿಪ್ಪಣಿಯ ಕನ್ನಡಿ ಪ್ರತಿ ಸಿದ್ಧ. ಇಂಕ್ ಪೆನ್ನಿನ ಕತೆ ಮಂಗ ಹೇಳಿಯಾಗಿದೆ.

ಪೆನ್ನಿನ ನಿಜವಾದ ತೊಂದರೆ ಶಾಯಿಯದ್ದಲ್ಲ. ಕಾಲೇಜಿನಲ್ಲಿದ್ದಾಗ ಒಂದು ಕಾದಂಬರಿಯ ಅಂಚಿನಲ್ಲಿ ನಾನು ನೀಲಿ ಬಾಲ್‌ಪೆನ್ನಿನಲ್ಲಿ ‘ಶುದ್ಧ ಸುಳ್ಳು!!’ ಎಂದು ಎರಡು ಉದ್ಗಾರ ಚಿಹ್ನೆ ಸಮೇತ ಬರೆದಿದ್ದೇನೆ. ತಂದೆ ಮಗನ ಹತ್ತಿರ ಸಾಲ ಕೇಳಲಾಗದೆ ಅಂಗಳದಲ್ಲೇ ನಿಂತು ಹಿಂದಿರುಗುವ ಸನ್ನಿವೇಶ ಅದು. ಈಗ ಸಹಕಾರಿ ಬ್ಯಾಂಕಿನ ಸಾಲದ ಕೌಂಟರಿನಲ್ಲಿ ಕೂತು ಅಂತಹ ತಂದೆಯರನ್ನು ವಾರಕ್ಕೆ ಇಬ್ಬರಾದರೂ ನೋಡುತ್ತೇನೆ. ಆ ಎರಡು ಉದ್ಗಾರ ಚಿಹ್ನೆಯನ್ನು ಅಳಿಸಲು ದಾರಿ ಇಲ್ಲ. ಪುಸ್ತಕವನ್ನು ಯಾರಿಗೂ ಕೊಡಲಾಗುವುದಿಲ್ಲ.

ಪೆನ್ನು ಎಲ್ಲಿ ಸರಿ ಎಂದರೆ: ಮೊದಲ ಪುಟದಲ್ಲಿ ಹೆಸರು, ಕೊಂಡ ದಿನ, ಕೊಂಡ ಜಾಗ. ಮತ್ತೆ ಅಡುಗೆ ಪುಸ್ತಕ. ‘ಇದಕ್ಕೆ ಇಷ್ಟು ಬೆಲ್ಲ ಬೇಡ’ ಎಂಬುದು ಬದಲಾಗದ ಸತ್ಯ, ಅದನ್ನು ಬಾಲ್‌ಪೆನ್ನಿನಲ್ಲೇ ಬರೆಯಿರಿ.

ಹೈಲೈಟರ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಹೊಳೆಯುವ ಆ ಬಣ್ಣ ಬೆಳಕಿಗೆ ಮಾಸುತ್ತದೆ, ತೆಳು ಕಾಗದದಲ್ಲಿ ಆಚೆ ಬದಿಗೆ ಇಳಿಯುತ್ತದೆ, ಅಳಿಸಲು ಬರುವುದಿಲ್ಲ, ಬದಿಯಲ್ಲಿ ಒಂದು ಶಬ್ದ ಬರೆಯಲೂ ಆಗುವುದಿಲ್ಲ. ಒತ್ತಕ್ಷರಗಳನ್ನು ಸೀಳುವುದಿಲ್ಲ ಎಂಬುದೊಂದೇ ಅದರ ಗುಣ. ಪಿಎಸ್‌ಸಿ ಪರೀಕ್ಷೆಯ ಗೈಡಿಗೆ ಇರಲಿ. ಹಳದಿ ಬಳಿದ ಕಾದಂಬರಿ ತೆರೆದರೆ ನನಗೆ ನಾಳೆ ಪರೀಕ್ಷೆ ಎಂಬ ಹೆದರಿಕೆಯೇ ಬರುತ್ತದೆ.

ಅಂಟುಚೀಟಿ ಮತ್ತು ಬರಿ ಚೀಟಿ

ಅಂಟುಚೀಟಿಯ ಹುಟ್ಟಿಗೂ ಓದುಪುಸ್ತಕಕ್ಕೂ ಸಂಬಂಧ ಉಂಟು. ಅಮೆರಿಕದ 3ಎಂ ಕಂಪೆನಿಯಲ್ಲಿ ಸ್ಪೆನ್ಸರ್ ಸಿಲ್ವರ್ ಎಂಬ ರಸಾಯನಶಾಸ್ತ್ರಜ್ಞ 1968ರಲ್ಲಿ ಗಟ್ಟಿ ಅಂಟು ಮಾಡಲು ಹೋಗಿ, ಅಂಟಿಯೂ ಅಂಟದ ಹಾಗಿರುವ ಒಂದು ಅಂಟನ್ನು ಮಾಡಿಬಿಟ್ಟ. ಅದರಿಂದ ಎಂತ ಉಪಯೋಗ ಎಂದು ವರ್ಷಗಟ್ಟಲೆ ಯಾರಿಗೂ ತಿಳಿಯಲಿಲ್ಲ. ಅದೇ ಕಂಪೆನಿಯ ಆರ್ಟ್ ಫ್ರೈ ಚರ್ಚಿನಲ್ಲಿ ಹಾಡುತ್ತಿದ್ದವನು. ಹಾಡಿನ ಪುಸ್ತಕದೊಳಗೆ ಗುರುತಿಗಿಟ್ಟ ಚೀಟಿಗಳು ಉದುರಿ ಉದುರಿ ಬೇಸತ್ತಾಗ ಅವನಿಗೆ ಆ ಅಂಟಿನ ನೆನಪಾಯಿತು. 1980ರಲ್ಲಿ ಅದು ಅಮೆರಿಕದ ಅಂಗಡಿಗಳಿಗೆ ಬಂತು. ನಮ್ಮ ಯಕ್ಷಗಾನದಲ್ಲಿ ಹಾಡುವ ಭಾಗವತರು ಪದ್ಯದ ಪುಟ ಸಿಗಲೆಂದು ಚೀಟಿ ಸಿಕ್ಕಿಸುವುದನ್ನು ನೋಡಿದವರಿಗೆ ಫ್ರೈಯ ಕಷ್ಟ ಕೂಡಲೇ ಅರ್ಥವಾಗುತ್ತದೆ.

ಆದರೆ ಅಮೆರಿಕದ ಚರ್ಚಿನಲ್ಲಿ ಕಾಸರಗೋಡಿನ ಜುಲೈ ಇರಲಿಲ್ಲ. ನನ್ನ ಅನುಭವದಲ್ಲಿ ಅಗ್ಗದ ಬಣ್ಣದ ಪಟ್ಟಿಗಳು ಒಂದು ಮಳೆಗಾಲ ದಾಟುವುದಿಲ್ಲ. ಉದುರದೆ ಉಳಿದವು ಇನ್ನೂ ಕಷ್ಟ: ಅಂಟಿನ ಪಸೆ ಪುಟದಲ್ಲಿ ಉಳಿದು ಧೂಳು ಹಿಡಿಯುತ್ತದೆ, ಎರಡು ಪುಟ ಒಂದಕ್ಕೊಂದು ಕೂಡುತ್ತದೆ. ಆದ್ದರಿಂದ ಅಂಟುಚೀಟಿಯನ್ನು ಓದಿ ಮುಗಿಯುವ ತನಕ ಮಾತ್ರ ಇಡಿ. ಮುಗಿದ ದಿನವೇ ಒಂದೊಂದಾಗಿ ತೆಗೆದು, ಬೇಕಾದ್ದನ್ನು ಬೇರೆ ಕಡೆ ಬರೆದುಕೊಳ್ಳಿ. ಆ ಶಿಸ್ತು ನನಗಿಲ್ಲ. ಇರುವವರಿಗೆ ಇದು ಒಳ್ಳೆಯದೇ, ಗುರುತು ಹಾಕಲು ಓದು ನಿಲ್ಲಿಸಬೇಕಾಗಿಲ್ಲ.

ಬರಿ ಚೀಟಿಯಾದರೆ ಬಿಳಿ ಕಾಗದದ ಉದ್ದ ಪಟ್ಟಿ. ಕ್ಯಾಲೆಂಡರಿನ ಹಿಂಬದಿ ಕತ್ತರಿಸಿದರೆ ವರ್ಷಕ್ಕಾಗುವಷ್ಟು ಸಿಗುತ್ತದೆ. ಪಟ್ಟಿಯ ಮೇಲೆಯೇ ಪೆನ್ಸಿಲಿನಲ್ಲಿ ಪುಟಸಂಖ್ಯೆ ಬರೆದಿಡಿ, ಉದುರಿದರೂ ಮನೆ ಗೊತ್ತಿರುತ್ತದೆ. ಪೇಪರಿನ ತುಂಡು ಬೇಡ, ಅದು ತಾನು ಕೂತ ಜಾಗವನ್ನು ಕಂದು ಮಾಡುತ್ತದೆ. ಬಸ್ಸಿನ ಟಿಕೇಟು ಆಗಬಹುದು, ಅಚ್ಚು ಮಾಸಿ ಅದೇ ಬಿಳಿಯಾಗುತ್ತದೆ. ಜೆಮ್ ಕ್ಲಿಪ್, ಪಿನ್ನು, ಸ್ಟೇಪ್ಲರ್ ಸಮುದ್ರದ ಗಾಳಿ ಇರುವ ಊರಿಗೆ ಹೇಳಿದ್ದಲ್ಲ. ನವಿಲುಗರಿ ಇಟ್ಟರೆ ಮರಿ ಹಾಕುತ್ತದೆ ಎಂದು ಮೂರನೇ ಕ್ಲಾಸಿನಲ್ಲಿ ನಂಬಿದ್ದೆ, ಹಾಕಿಲ್ಲ, ಆದರೆ ಪುಟಕ್ಕೆ ಏನೂ ಕೇಡು ಮಾಡಿಲ್ಲ.

ನೋಟ್‌ಪುಸ್ತಕ

ನಮ್ಮ ಕಡೆ ಶಾಲೆಗೆ ಹೋದವರಿಗೆ ಇದರ ಮೇಲೆ ಸ್ವಲ್ಪ ಸಿಟ್ಟಿರುವುದು ಸಹಜ. ಕೇರಳದ ಗ್ರಂಥಾಲಯ ಚಳವಳಿ ಕಟ್ಟಿದ ಪಿ.ಎನ್. ಪಣಿಕ್ಕರ್ ತೀರಿಕೊಂಡ ಜೂನ್ 19 ಇಲ್ಲಿ ವಾಚನ ದಿನ. ಶಾಲೆ ಸುರುವಾಗಿ ಮೂರು ವಾರ ಆಗುವಷ್ಟರಲ್ಲಿ ವಾಚನ ವಾರ ಬರುತ್ತದೆ, ಕನ್ನಡ ಮೀಡಿಯಂ ಮಕ್ಕಳೂ ಪುಸ್ತಕ ಓದಿ ‘ಓದಿನ ಟಿಪ್ಪಣಿ’ ಬರೆಯಬೇಕು. ಹೆಸರು, ಲೇಖಕ, ಸಾರಾಂಶ, ನನಗೆ ಇಷ್ಟವಾದ ಪಾತ್ರ, ಕಾರಣ. ಒಳ್ಳೆಯ ಪದ್ಧತಿ, ಸಂಶಯವಿಲ್ಲ. ಆದರೆ ಅದೇ ನಮೂನೆಯನ್ನು ಮೂವತ್ತು ದಾಟಿದ ಮೇಲೂ ಇಟ್ಟುಕೊಂಡರೆ ಖುಷಿಯ ಓದು ಮನೆಗೆಲಸವಾಗುತ್ತದೆ. ನಾನು ಇಟ್ಟುಕೊಂಡಿದ್ದೆ. ಇಷ್ಟವಾದ ಪ್ಯಾರಾಗಳನ್ನು ಪೂರ್ತಿ ಕಾಪಿ ಮಾಡುತ್ತಿದ್ದೆ. ಎರಡು ತಿಂಗಳಾಗುವಷ್ಟರಲ್ಲಿ, ಮುಂದೆ ಇಷ್ಟವಾದ ಪ್ಯಾರಾ ಬಂದರೆ ‘ಅಯ್ಯೋ, ಬರೆಯಬೇಕಲ್ಲ’ ಎಂದು ಬೇಸರವಾಗಲು ಸುರುವಾಯಿತು.

ಈಗಿನ ಪದ್ಧತಿ ಬೇರೆ. ಇನ್ನೂರು ಪುಟದ ಸಾದಾ ನೋಟ್‌ಪುಸ್ತಕ, ಒಂದು ಕೃತಿಗೆ ಒಂದು ಪುಟ, ಹೆಚ್ಚೆಂದರೆ ಎರಡು. ಮೇಲೆ ಹೆಸರು ಮತ್ತು ಎಷ್ಟನೇ ಮುದ್ರಣ. ಕೆಳಗೆ ಪುಟಸಂಖ್ಯೆ, ಅದರ ಮುಂದೆ ನಾಲ್ಕೈದು ಶಬ್ದ. ‘112 — ಬಾವಿ ಬತ್ತಿದ ದಿನ, ಅಜ್ಜಿಯ ಮೌನ’. ಇಷ್ಟೇ. ಮುದ್ರಣ ಬರೆಯಲು ಮರೆಯಬೇಡಿ. ಗ್ರಂಥಾಲಯದ ಹಳೆ ಪ್ರತಿ ಓದಿ ಪುಟಸಂಖ್ಯೆ ಬರೆದಿಟ್ಟು, ಮುಂದೆ ಮಂಗಳೂರಿನಿಂದ ಹೊಸ ಪ್ರತಿ ಕೊಂಡು ತಂದರೆ ಒಂದು ಸಂಖ್ಯೆಯೂ ತಾಳೆಯಾಗುವುದಿಲ್ಲ. ಹೊಸ ಅಚ್ಚುಜೋಡಣೆಯಲ್ಲಿ 112 ಎಂಬುದು 97 ಆಗಿರುತ್ತದೆ. ಅಧ್ಯಾಯದ ಸಂಖ್ಯೆಯನ್ನೂ ಬರೆದಿಟ್ಟರೆ ಬಚಾವ್.

ನೋಟ್‌ಪುಸ್ತಕದ ದೊಡ್ಡ ಕೊರತೆ ಅದು ಪುಸ್ತಕದ ಹತ್ತಿರ ಇರುವುದಿಲ್ಲ ಎಂಬುದು. ಐದು ವರ್ಷ ಬಿಟ್ಟು ಕಾದಂಬರಿ ತೆರೆದಾಗ ಅಂಚಿನ ಪೆನ್ಸಿಲು ತಾನಾಗಿ ಮಾತಾಡುತ್ತದೆ, ನೋಟ್‌ಪುಸ್ತಕವನ್ನು ಹುಡುಕಿ ಕರೆಯಬೇಕು. ನಡುವಿನ ದಾರಿ ಒಂದು ಉಂಟು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಸ್ವಂತ ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ನಮ್ಮದೇ ಸೂಚಿ ಮಾಡಿಕೊಳ್ಳುವುದು. ಒಳಗೆ ನೆಟ್ಟನೆ ಗೆರೆ, ಹಿಂದೆ ಪುಟಸಂಖ್ಯೆ ಮತ್ತು ಎರಡು ಶಬ್ದ. ಇಡೀ ಪುಸ್ತಕಕ್ಕೆ ಹತ್ತೋ ಹದಿನೈದೋ ಸಾಲು. ಅದಕ್ಕಿಂತ ಹೆಚ್ಚಾದರೆ ನಾನು ಗುರುತು ಹಾಕುತ್ತಿದ್ದೇನೆ, ಓದುತ್ತಿಲ್ಲ ಎಂದು ಲೆಕ್ಕ.

ಅಂಚಿನಲ್ಲಿ ಬರೆಯುವುದು ಎಂತದ್ದನ್ನು?

ಗಡಿಯಲ್ಲಿ ಕೂತು ಕನ್ನಡ ಓದುವವರ ಅಂಚುಗಳೇ ಬೇರೆ. ಧಾರವಾಡ, ಕಲಬುರಗಿ ಕಡೆಯ ಕತೆಗಳಲ್ಲಿ ಪುಟಕ್ಕೊಂದು ನಮಗೆ ಗೊತ್ತಿಲ್ಲದ ವಸ್ತು ಬರುತ್ತದೆ. ಅಲ್ಲಿಯ ಪಡಸಾಲೆ ನಮ್ಮ ಚಾವಡಿ ಇರಬಹುದೆಂದು ಅಂದಾಜು ಮಾಡಬಹುದು, ಶೇಂಗಾ ನಮ್ಮ ನೆಲಕಡಲೆ ಎಂದೂ ಗೊತ್ತಾಗುತ್ತದೆ. ‘ಹಗೇವು’ ಬಂದಾಗ ನಾನು ಸಿಕ್ಕಿಬಿದ್ದೆ. ಸುತ್ತ ಸೊನ್ನೆ ಹಾಕಿ ಮುಂದೆ ಹೋದೆ, ಅಧ್ಯಾಯ ಮುಗಿದ ಮೇಲೆ ನಿಘಂಟು ನೋಡಿದರೆ ನೆಲದೊಳಗೆ ಧಾನ್ಯ ತುಂಬಿಡುವ ಗುಂಡಿ. ಅಂಚಿನಲ್ಲಿ ಬರೆದದ್ದು ಈಗಲೂ ಇದೆ: ‘ನೆಲದೊಳಗೆ ಜೋಳ! ನಮ್ಮಲ್ಲಿ ಇಟ್ಟರೆ ಎಂಟು ದಿನಕ್ಕೆ ಮೊಳಕೆ. ನಾವು ಬೈಹುಲ್ಲಿನ ಮುಡಿ ಕಟ್ಟಿ ಅಟ್ಟಕ್ಕೆ.’ ಒಂದು ಶಬ್ದದ ಬದಿಯಲ್ಲಿ ಒಣನೆಲ, ಮಳೆನೆಲ ಎರಡೂ ಕೂತವು. ಇಂತಹ ಟಿಪ್ಪಣಿಗೆ ಜಾಗ ಅಂಚೇ ಆಗಬೇಕು, ನೋಟ್‌ಪುಸ್ತಕದಲ್ಲಿ ಅದು ಬರಿ ಶಬ್ದಾರ್ಥ.

ಶಬ್ದ ಸಿಕ್ಕ ಕೂಡಲೇ ನಿಘಂಟಿಗೆ ಓಡಬೇಡಿ. ಮೊದಲ ಮೂವತ್ತು ಪುಟಕ್ಕೆ ನಾನು ಪೆನ್ಸಿಲನ್ನು ಕಿವಿಯ ಮೇಲೆಯೇ ಇಟ್ಟುಕೊಳ್ಳುತ್ತೇನೆ. ಯಾವ ಕತೆ, ಯಾರ ಕತೆ ಎಂದು ಗೊತ್ತಾಗುವ ಮೊದಲು ಹಾಕಿದ ಗೆರೆಗಳು ಆಮೇಲೆ ನೋಡಿದರೆ ಯಾಕೆ ಹಾಕಿದ್ದೆಂದು ನನಗೇ ತಿಳಿಯುವುದಿಲ್ಲ.

ಫೋನು, ಇ-ರೀಡರ್

2020ರ ಮಾರ್ಚಿನಲ್ಲಿ ಕೊರೋನಾ ಎಂದು ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ನಮಗೆ ಮಂಗಳೂರಿನ ಆಸ್ಪತ್ರೆಯ ಜತೆಗೆ ಮಂಗಳೂರಿನ ಪುಸ್ತಕದಂಗಡಿಯೂ ಮುಚ್ಚಿತು. ಆಸ್ಪತ್ರೆಯ ಕಷ್ಟದ ಮುಂದೆ ಇದು ಹೇಳುವಂತದ್ದಲ್ಲ, ಆದರೆ ಫೋನಿನಲ್ಲಿ ಓದಲು ಕಲಿತದ್ದು ಆಗ. ಬೆರಳಿನಲ್ಲಿ ಎಳೆದರೆ ಬಣ್ಣ, ತಟ್ಟಿದರೆ ಟಿಪ್ಪಣಿ, ಬೂಷ್ಟಿಲ್ಲ, ಮಂಗ ಇಲ್ಲ. ಹುಡುಕಿದರೆ ಕೂಡಲೇ ಸಿಗುತ್ತದೆ, ಈ ಒಂದರಲ್ಲಿ ಪೆನ್ಸಿಲು ಸೋಲುತ್ತದೆ. ಯೂನಿಕೋಡಿನಲ್ಲಿ ಮಾಡಿದ ಇ-ಪುಸ್ತಕವಾದರೆ ಮಾತ್ರ ಇದೆಲ್ಲ.

ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕದ ಪಿಡಿಎಫ್ ಅಕ್ಷರವಲ್ಲ, ಚಿತ್ರ. ಸಾಲನ್ನು ಹಿಡಿಯಲು ಹೋದರೆ ಏನೂ ಸಿಗುವುದಿಲ್ಲ, ಮೇಲಿನಿಂದ ಗೆರೆ ಗೀಚಬಹುದು ಅಷ್ಟೆ. ಹಳೆಯ ಫಾಂಟುಗಳಲ್ಲಿ ಡಿಟಿಪಿ ಮಾಡಿದ ಪಿಡಿಎಫ್ ಇನ್ನೂ ಮಜ. ಕಣ್ಣಿಗೆ ಚಂದದ ಕನ್ನಡ. ಒಂದು ಸಾಲು ಕಾಪಿ ಮಾಡಿ ಗೆಳತಿಗೆ ಕಳಿಸಿದೆ, ಅವಳಿಗೆ ಹೋದದ್ದು ಅರ್ಥವಿಲ್ಲದ ರೋಮನ್ ಅಕ್ಷರಗಳ ಕಲಸುಮೇಲೋಗರ, ‘ಕನ್ನಡ’ ಎಂಬ ಶಬ್ದದ ಹೊಟ್ಟೆಯಲ್ಲಿ ಬ್ರಿಟಿಷ್ ಪೌಂಡಿನ ಚಿಹ್ನೆ. ‘ಎಂತ ಬೈಗುಳವಾ ಇದು?’ ಎಂದು ಕೇಳಿದಳು.

ಕಿಂಡಲ್ ಇರುವವರು ಒಂದು ಮಾಡಿ. ಹಾಕಿದ ಗುರುತುಗಳೆಲ್ಲ ಅದರೊಳಗೆ ‘ಮೈ ಕ್ಲಿಪ್ಪಿಂಗ್ಸ್’ ಎಂಬ ಸಾದಾ ಫೈಲಿನಲ್ಲಿ ಸೇರುತ್ತಾ ಇರುತ್ತವೆ. ವರ್ಷಕ್ಕೊಮ್ಮೆ ಕಂಪ್ಯೂಟರಿಗೆ ಜೋಡಿಸಿ ಅದನ್ನು ಕಾಪಿ ತೆಗೆದಿಡಿ. ಬೇರೆ ಆ್ಯಪ್ ಬಳಸುವವರು ಟಿಪ್ಪಣಿ ಹೊರಗೆ ತೆಗೆಯಲು ಬರುತ್ತದೆಯಾ ಎಂದು ಗುರುತು ಹಾಕುವ ಮೊದಲೇ ನೋಡಿ. ನನ್ನ ಒಂದು ವರ್ಷದ ಟಿಪ್ಪಣಿ ಹಳೇ ಫೋನಿನ ಜತೆಗೇ ಹೋಯಿತು.

ಎರವಲಿನ ಕತೆ

ಪಕ್ಕದ ಮನೆಯ ಟೀಚರಕ್ಕ ನಿವೃತ್ತರಾಗಿ ಎಂಟು ವರ್ಷವಾಯಿತು. ಯಾವ ಪುಸ್ತಕ ಕೊಂಡರೂ ನನ್ನ ನಂತರ ಅವರಿಗೆ, ಅವರು ಕೊಂಡದ್ದು ನನಗೆ. ಮೊದಲು ಗುರುತು ಅಳಿಸಿ ಕೊಡುತ್ತಿದ್ದೆ. ಒಮ್ಮೆ ಮರೆತು ಹಾಗೆಯೇ ಕೊಟ್ಟೆ. ಕತೆಯಲ್ಲಿ ಒಬ್ಬಳು ಯಾರಿಗೂ ಹೇಳದೆ ಬೆಳಗಿನ ಬಸ್ಸು ಹತ್ತಿ ಗಂಡನ ಮನೆ ಬಿಡುವ ಪುಟದಲ್ಲಿ ನಾನು ‘ಇಷ್ಟು ಬೇಗ?’ ಎಂದು ಬರೆದಿದ್ದೆ. ಪುಸ್ತಕ ಹಿಂದೆ ಬಂದಾಗ ಅದರ ಕೆಳಗೆ ಅವರ ದುಂಡು ಅಕ್ಷರ: ‘ನಿನಗೆ ಮದುವೆಯಾಗಿ ಹತ್ತು ವರ್ಷ ಆಗಲಿ. ಆಮೇಲೆ ಕೇಳು.’ ಅಂದಿನಿಂದ ಅಳಿಸುವುದು ಬಿಟ್ಟೆವು. ನನ್ನದು 2ಬಿ, ಅವರದ್ದು ಎಚ್‌ಬಿ, ಕಪ್ಪಿನ ವ್ಯತ್ಯಾಸದಲ್ಲೇ ಯಾರ ಮಾತೆಂದು ಗೊತ್ತಾಗುತ್ತದೆ. ಕತೆಯ ಗುಟ್ಟು ಒಡೆಯುವ ಮಾತನ್ನು ಅಂಚಿನಲ್ಲಿ ಬರೆಯದೆ ಕೊನೆಯ ಹಾಳೆಗೆ ಹಾಕಬೇಕೆಂಬುದು ನಮ್ಮೊಳಗಿನ ಒಪ್ಪಂದ.

ಬೇರೆಯವರಿಗೆ ಕೊಡುವುದಾದರೆ ಈಗಲೂ ಅಳಿಸುತ್ತೇನೆ. ಇನ್ನೊಬ್ಬರ ಗೆರೆ ಇರುವ ಪುಸ್ತಕ ಓದುವುದೆಂದರೆ ಪಕ್ಕದಲ್ಲಿ ಕೂತವರು ಮೊಣಕೈಯಲ್ಲಿ ತಿವಿಯುತ್ತಾ ಆಟ ನೋಡಿದ ಹಾಗೆ. ಕೆಲವರಿಗೆ ಖುಷಿ, ಹೆಚ್ಚಿನವರಿಗೆ ಕಿರಿಕಿರಿ. ಕೊಡುವ ಮೊದಲು ಕೇಳಿ.

ಮಾವನ ಪ್ರಸಂಗ ಪುಸ್ತಕಕ್ಕೆ ಮಾತ್ರ ನಾನು ಏನೂ ಬರೆದಿಲ್ಲ. ಕಾಗದ ಅಷ್ಟು ಹಳತು. ಇಂಕು ಹರಡಿದ ಪುಟಗಳಿಗೆ ಕ್ಯಾಲೆಂಡರಿನ ಬಿಳಿ ಪಟ್ಟಿ ಇಟ್ಟು, ಹಳಬರ ಹತ್ತಿರ ಕೇಳಿ ತಿಳಿದಷ್ಟನ್ನು ಪಟ್ಟಿಯಲ್ಲಿ ಬರೆದಿದ್ದೇನೆ. ಮೊನ್ನೆ ಅಣ್ಣನ ಮಗಳು ಅದನ್ನು ಚಾವಡಿಯಲ್ಲಿ ಇಟ್ಟುಕೊಂಡು ಓದುತ್ತಿದ್ದಳು. ಅವಳು ಹುಡುಕುತ್ತಿದ್ದದ್ದು ಮಾವ ‘ಬಿಡಿ’ ಎಂದು ಬರೆದ ಪದ್ಯಗಳನ್ನು ಮಾತ್ರ. ಎಂತಕ್ಕೆ ಬಿಟ್ಟದ್ದು ಎಂದು ಅವಳಿಗೆ ಗೊತ್ತಾಗಬೇಕಂತೆ.